ಗಿಳಿ ಓಡಿಸುವ ಮಗ್ಗಿ ಮತ್ತು ತರಗತಿಯ ಅಟ್ಟಣೆ

ಶಿಕಾರಿಪುರ–ಸೊರಬ ಜಂಟಿ ಮೆದುಳು-ಕಲಿಕೆ ಉಪಶಾಖೆ (ತಾತ್ಕಾಲಿಕ)
ಸಂಖ್ಯೆ: ಮೆಕಉ/ಗಿಳಿ/ಮಗ್ಗಿ/13/2024-25

ಸುತ್ತೋಲೆ

ವಿಷಯ: ಹೊಲದಲ್ಲಿ ಬರುವ ಮಗ್ಗಿಯು ಬೋರ್ಡಿನ ಮುಂದೆ ಬಾರದಿರುವ ಬಗ್ಗೆ.

ಉಲ್ಲೇಖ: (ಅ) ‘ಮೆದುಳು ಮತ್ತು ಕಲಿಕೆ’ ಒಂದು ದಿನದ ಕಾರ್ಯಾಗಾರ, ಊಟ ಸಹಿತ.
(ಆ) ಉಪಶಾಖಾಧಿಕಾರಿ ಶ್ರೀ ಮಲ್ಲೇಶಪ್ಪ ಇವರ ಶಾಲಾ ಭೇಟಿ.
(ಇ) ಗಿಳಿಗಳು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾಳಗುಂದದ ಕಡೆಯ ಶಾಲೆಯೊಂದಕ್ಕೆ ಭೇಟಿ ನೀಡಿದ್ದ ಶ್ರೀ ಮಲ್ಲೇಶಪ್ಪ ಅವರು ಐದನೇ ತರಗತಿಯ ಕು. ಚೌಡೇಶ್ವರಿಯನ್ನು ಬೋರ್ಡಿನ ಮುಂದೆ ನಿಲ್ಲಿಸಿ ಹದಿಮೂರರ ಮಗ್ಗಿ ಕೇಳಿದ್ದು, ಸದರಿ ವಿದ್ಯಾರ್ಥಿನಿಯು ತುಟಿ ಎರಡು ಮಾಡದೆ ಸಮವಸ್ತ್ರದ ಅಂಚನ್ನು ತಿರುಚುತ್ತ ನಿಂತಿದ್ದು ಸರಿಯಷ್ಟೆ. ಆಕೆಯನ್ನು ಮೂರನೇ ತರಗತಿಯ ಮಕ್ಕಳ ಜೊತೆ ‘ಮರುಕಲಿಕೆ ಗುಂಪಿ’ನಲ್ಲಿ ಕೂರಿಸುವಂತೆ ಅಲ್ಲಿಯೇ ಆದೇಶಿಸಲಾಯಿತು. ಆ ಗುಂಪಿನಲ್ಲಿ ಆಕೆಯ ತಮ್ಮನೂ ಇದ್ದಾನೆಂಬುದು ಆಕೆಯ ಅಳುವಿನಿಂದ ಕಚೇರಿಯ ಗಮನಕ್ಕೆ ಬಂದಿರುತ್ತದೆ.

ಅದೇ ಸಂಜೆ ಅಧಿಕಾರಿಯು ಹಿಂತಿರುಗುವಾಗ, ಮೆಕ್ಕೆಜೋಳದ ಹೊಲದಲ್ಲಿ ಹಕ್ಕಿ ಕಾಯಲು ಕಟ್ಟಿದ ಅಟ್ಟಣೆಯ ಮೇಲಿಂದ ಅದೇ ವಿದ್ಯಾರ್ಥಿನಿಯು ಡಬ್ಬ ಬಡಿಯುತ್ತ “ಹದಿಮೂರೇಳ್ಲ ತೊಂಬತ್ತೊಂದೂ...” ಎಂದು ಕೂಗಿದ್ದು, ಗಿಳಿಗಳ ಹಿಂಡು ತೆನೆ ಬಿಟ್ಟು ಎದ್ದಿತು. ಆ ಊರಿನ ಮಕ್ಕಳು ಹಕ್ಕಿ ಓಡಿಸಲು ‘ಹೋ ಹೋ’ ಎನ್ನುವ ಬದಲು ಮಗ್ಗಿ ಕೂಗುವುದು ರೂಢಿಯೆಂದು ತಿಳಿದುಬಂತು. ಶ್ರೀ ಮಲ್ಲೇಶಪ್ಪ ಅವರು ಬೈಕಿನಿಂದಿಳಿದು, ಬದುವಿನ ಮೇಲೆ ನಿಂತು ಇಪ್ಪತ್ತರ ಮಗ್ಗಿಯವರೆಗೂ ಕೇಳಿದರು. ಅವರಿಗೆ ತಮ್ಮ ಆದೇಶದ ಬಗ್ಗೆ ನಾಚಿಕೆಯೂ ಹುಡುಗಿಯ ಬಗ್ಗೆ ವಿಪರೀತ ಖುಷಿಯೂ ಏಕಕಾಲಕ್ಕೆ ಉಂಟಾಗಿರುವುದನ್ನು ಈ ಮೂಲಕ ದಾಖಲಿಸಲಾಗಿದೆ.

ಈ ಕುರಿತು ಶಾಲೆಯ ವಿಜ್ಞಾನ ಶಿಕ್ಷಕಿ, ಸೊರಬದವರಾದ ಶ್ರೀಮತಿ ಯಶೋಧರಾ ಅವರ ಹೇಳಿಕೆ ಪಡೆಯಲಾಗಿದೆ: “ಹೆದ್ರಿಕೆ ಹೊಕ್ಕರೆ ಮೆದುಳು ಬಾಗ್ಲು ಹಾಕ್ಕಂಡ್ಬಿಡ್ತದೆ ಸಾರ್. ಒಳಗೆ ಎಲ್ಲಾ ಇರ್ತದೆ, ಹೊರಗೆ ಬರದಿಲ್ಲ. ದಿನಾ ನೆನಪು ಮಾಡ್ಕಂಡು ಕೂಗ್ತಾಳಲ್ಲ, ಅದ್ಕೇ ಅಷ್ಟು ಗಟ್ಟಿಯಾಗಿರದು. ನೀವು ಮೀಸೆ ತಿರುವ್ಕಂಡು ಎದುರಿಗೆ ನಿಂತ್ರೆ ಯಾರಿಗ್ ಬರ್ತದೆ?” ಮೀಸೆಗೆ ಸಂಬಂಧಿಸಿದ ಭಾಗವನ್ನು ಪರಿಶೀಲನೆಗೆ ಕಾಯ್ದಿರಿಸಿ, ಉಳಿದದ್ದನ್ನು ಒಪ್ಪಿ, ಕೆಳಕಂಡಂತೆ ಸೂಚಿಸಲಾಗಿದೆ.

1. ಎರಡೂ ತಾಲ್ಲೂಕುಗಳ ಪ್ರತಿ ತರಗತಿಯಲ್ಲಿ ಒಂದು ಅಟ್ಟಣೆ ಕಟ್ಟತಕ್ಕದ್ದು. ಸೂರು ತಗ್ಗಾಗಿದ್ದಲ್ಲಿ ನೆಲಮಟ್ಟದಲ್ಲೇ ಕಟ್ಟಿ, ಎತ್ತರದಲ್ಲಿದೆಯೆಂದು ಭಾವಿಸತಕ್ಕದ್ದು.

2. ಎಲ್ಲ ಮಗ್ಗಿಯನ್ನು ಒಂದೇ ದಿನ ಉರುಹೊಡೆಯುವಂತಿಲ್ಲ. ಬಿಡುವು ಕೊಟ್ಟು, ಅರ್ಧ ಮರೆತ ಮೇಲೆ ಮತ್ತೆ ನೆನಪಿಸಿಕೊಳ್ಳತಕ್ಕದ್ದು. ಅರ್ಧಕ್ಕಿಂತ ಹೆಚ್ಚು ಮರೆಯಲು ಮುಖ್ಯೋಪಾಧ್ಯಾಯರ ಪೂರ್ವಾನುಮತಿ ಅಗತ್ಯ.

3. ನಿದ್ದೆಯಲ್ಲಿ ಕಲಿತದ್ದು ಗಟ್ಟಿಯಾಗುತ್ತದೆಂದು ಕಾರ್ಯಾಗಾರದಲ್ಲಿ ತಿಳಿಸಲಾಗಿದೆ. ಅದನ್ನು ತಿಳಿಸುತ್ತಿದ್ದಾಗ ಗೊರಕೆ ಹೊಡೆಯುತ್ತಿದ್ದ ಕಚೇರಿಯ ಗುಮಾಸ್ತ ಶ್ರೀ ಗಣೇಶ್ ಅವರಿಗೆ ನೀಡಿದ್ದ ನೋಟಿಸನ್ನು ಹಿಂಪಡೆದು, ಅವರನ್ನು ಸಂಪನ್ಮೂಲ ವ್ಯಕ್ತಿಯೆಂದು ಘೋಷಿಸಲಾಗಿದೆ.

4. ಮಗ್ಗಿ ತಪ್ಪಿದರೆ ಗಿಳಿ ಏಳುವುದಿಲ್ಲವೆಂಬುದು ಚೌಡೇಶ್ವರಿಯ ತಂದೆ ಶ್ರೀ ಕೆಂಪಪ್ಪ ಅವರ ವಾದವಾಗಿದೆ: “ನಮ್ ಗಿಳಿ ಭಾಳ ಶಾಣೇವು ರೀ. ತಪ್ಪು ಹೇಳಿದ್ರೆ ಹಂಗೇ ಕುಂತ್ಕಂಡು ತಿಂತಾವೆ.” ಪರೀಕ್ಷಾರ್ಥವಾಗಿ ಶ್ರೀ ಮಲ್ಲೇಶಪ್ಪ ಅವರೇ ಅಟ್ಟಣೆ ಹತ್ತಿ ತಪ್ಪು ಮಗ್ಗಿ ಕೂಗಿದಾಗ ಗಿಳಿಗಳು ಕದಲಲಿಲ್ಲ. ಸರಿಯಾದ ಮಗ್ಗಿ ಕೂಗಿದಾಗಲೂ ಕದಲಲಿಲ್ಲ. ಆದ್ದರಿಂದ ಗಿಳಿಗಳನ್ನು ಮೌಲ್ಯಮಾಪಕರೆಂದು ಪರಿಗಣಿಸತಕ್ಕದ್ದಲ್ಲ.

5. ಗುಡವಿ ಪಕ್ಷಿಧಾಮದ ಆಸುಪಾಸಿನ ಶಾಲೆಗಳಲ್ಲಿ ಮಗ್ಗಿಯನ್ನು ಮನಸ್ಸಿನಲ್ಲಿಯೇ ಕೂಗತಕ್ಕದ್ದು. ಅಷ್ಟು ದೂರದಿಂದ ಬಂದ ಹಕ್ಕಿಗಳಿಗೆ ನಮ್ಮ ಗಣಿತದಿಂದ ತೊಂದರೆಯಾಗಬಾರದು.

6. ಒಮ್ಮೆ ಹೊರಡಿಸಿದ ಮರುಕಲಿಕೆ ಆದೇಶವನ್ನು ಅಧಿಕಾರಿಗೆ ಖುಷಿಯಾಯಿತೆಂದು ರದ್ದುಪಡಿಸಲು ಬರುವುದಿಲ್ಲ. ಕಚೇರಿಯಲ್ಲಿ ಮರುಪರೀಕ್ಷೆ ಕಡ್ಡಾಯ. ಅದರಂತೆ ಮೇಜಿನ ಮೇಲೆ ಹಳೆಯ ಟ್ರಂಕ್ ಇರಿಸಿ, ಅದನ್ನು ಅಟ್ಟಣೆಯೆಂದು ಘೋಷಿಸಿ, ಚೌಡೇಶ್ವರಿಯನ್ನು ಹತ್ತಿಸಲಾಯಿತು. ಬಡಿಯಲು ಡಬ್ಬವನ್ನೂ ಒದಗಿಸಲಾಯಿತು. ಆದರೂ ಆಕೆ ಬಾಯಿ ಬಿಡಲಿಲ್ಲ, ಕಣ್ಣುಗಳು ತುಂಬಿಬಂದವು. ಕಾರಣ ಕೇಳಲಾಗಿ, “ಗಿಳೀನೇ ಇಲ್ಲಲ್ರೀ ಸಾರ್, ಯಾರನ್ನ ಓಡಿಸ್ಲಿ?” ಎಂದಳು. ನಿಯಮಾವಳಿಯಲ್ಲಿ ಗಿಳಿ ಸರಬರಾಜಿಗೆ ಅವಕಾಶವಿರುವುದಿಲ್ಲ. ಆ ಹುಡುಗಿ ತಮ್ಮನ ಪಕ್ಕ ಕೂರುವುದನ್ನು ನೆನೆದು ಶ್ರೀ ಮಲ್ಲೇಶಪ್ಪ ಅವರು ಕುರ್ಚಿಯಿಂದ ಎದ್ದರು. ಅವರು ಯಾವುದೋ ಸನ್ಮಾನದಲ್ಲಿ ಬಂದಿದ್ದ ಹಸಿರು ಶಾಲನ್ನು ಬೀರುವಿನಿಂದ ತೆಗೆದು ಹೊದ್ದು, ಕೀ ಕೀ ಎನ್ನುತ್ತ, ಕೈ ಬೀಸುತ್ತ ಕಡತಗಳನ್ನು ಮೂಗಿನಿಂದ ಕುಕ್ಕತೊಡಗಿದರು.

ಆಕೆ ಮೊದಲು ನಕ್ಕಳು. ಆಮೇಲೆ ಡಬ್ಬ ಬಡಿದು ಹದಿಮೂರೊಂದ್ಲ ಹದಿಮೂರರಿಂದ ಶುರು ಮಾಡಿದಳು. ಅಧಿಕಾರಿಯು ಬಾಗಿಲು ದಾಟಿ ಬೈಕ್ ನಿಲ್ಲಿಸುವ ಜಾಗದವರೆಗೆ ಹಾರಿಹೋಗಿದ್ದನ್ನು ಸಾರ್ವಜನಿಕರು ನೋಡಿರುತ್ತಾರೆ. ಏದುಸಿರು ಬಿಡುತ್ತ ಅವರು ಮರಳುವಷ್ಟರಲ್ಲಿ ಆಕೆ ಟ್ರಂಕಿನಿಂದಿಳಿದು, ಕಚೇರಿಯ ಬೋರ್ಡಿನ ಮುಂದೆ ನಿಂತು, ಯಾರೂ ಕೇಳದೆಯೇ ಹದಿನಾಲ್ಕರ ಮಗ್ಗಿ ಹೇಳುತ್ತಿದ್ದಳು.

7. ಆದ್ದರಿಂದ ಕಲಂ 1ನ್ನು ರದ್ದುಪಡಿಸಲಾಗಿದೆ. ಅಟ್ಟಣೆ ಕಡ್ಡಾಯವಲ್ಲ, ಗಿಳಿ ಕಡ್ಡಾಯ. ಶಾಲೆಗೆ ಭೇಟಿ ನೀಡುವ ಯಾವುದೇ ಅಧಿಕಾರಿಯು ಪ್ರಶ್ನೆ ಕೇಳುವ ಮುನ್ನ ಮಕ್ಕಳೆದುರು ಒಮ್ಮೆ ರೆಕ್ಕೆ ಬಡಿದು ತೋರಿಸತಕ್ಕದ್ದು. ಮಕ್ಕಳು ನಗದಿದ್ದಲ್ಲಿ ಪ್ರಶ್ನೆ ಕೇಳುವಂತಿಲ್ಲ.

ಸಹಿ/-
(ಮಲ್ಲೇಶಪ್ಪ)
ಉಪಶಾಖಾಧಿಕಾರಿ ಹಾಗೂ ಗಿಳಿ (ಪ್ರಭಾರ)

ಪ್ರತಿಗಳು:
ಎಲ್ಲ ಮುಖ್ಯೋಪಾಧ್ಯಾಯರಿಗೆ, ಸೂಕ್ತ ಕ್ರಮಕ್ಕಾಗಿ ಹಾಗೂ ಹಸಿರು ಶಾಲು ಒದಗಿಸುವ ಸಲುವಾಗಿ.
ಶ್ರೀಮತಿ ಯಶೋಧರಾ ಅವರಿಗೆ: ಮೀಸೆಯನ್ನು ತೆಗೆಸಲಾಗಿದೆ.
ಶ್ರೀ ಗಣೇಶ್ ಅವರಿಗೆ, ಎಚ್ಚರವಾದ ಮೇಲೆ ಓದಲು.
ಶ್ರೀ ಕೆಂಪಪ್ಪ ಅವರ ಹೊಲದ ಗಿಳಿಗಳಿಗೆ, ಮಾಹಿತಿಗಾಗಿ.
ಕು. ಚೌಡೇಶ್ವರಿಗೆ: ಮರುಕಲಿಕೆ ಆದೇಶ ರದ್ದಾಗಿದೆ, ನಿನ್ನ ಜಾಗದಲ್ಲೇ ಕೂರತಕ್ಕದ್ದು. ಮುಂದೆಂದಾದರೂ ಬೋರ್ಡಿನ ಮುಂದೆ ಹೆದರಿಕೆಯಾದಲ್ಲಿ, ಈ ಕಚೇರಿಯ ಅಧಿಕಾರಿಯು ಹಸಿರು ಶಾಲು ಹೊದ್ದು ಓಡಿದ್ದನ್ನು ನೆನಪಿಸಿಕೊಳ್ಳತಕ್ಕದ್ದು.