ತೂಕಡಿಸದ ತಲೆ

ವಿಠ್ಠಲರಾಯರ ತಲೆಗೆ ಇದ್ದದ್ದು ಒಂದೇ ದುರಭ್ಯಾಸ. ಊಟವಾದ ಮೇಲೆ ಅದು ಕುತ್ತಿಗೆಯ ಮೇಲೆ ನಿಲ್ಲುತ್ತಿರಲಿಲ್ಲ. ನಾಲವಾರದಿಂದ ನಸುಕಿನ ಗಾಡಿ ಹಿಡಿದು ವಾಡಿಯ ಹತ್ತಿರದ ಸಿಮೆಂಟ್ ಕಾರ್ಖಾನೆಗೆ ಬಂದು, ಕಂಟ್ರೋಲ್ ರೂಮಿನಲ್ಲಿ ಭಟ್ಟಿಯ ಶಾಖ ತೋರಿಸುವ ಮುಳ್ಳುಗಳನ್ನೇ ದಿನವಿಡೀ ನೋಡುವ ಮನುಷ್ಯನಿಗೆ ನಿದ್ದೆ ಬಾರದಿದ್ದರೆ ಅದೇ ಆಶ್ಚರ್ಯ. ಹದಿನೆಂಟು ವರ್ಷ ಯಾರೂ ತಕರಾರು ಮಾಡಲಿಲ್ಲ. ಎರಡು ಸಾವಿರದ ಐದನೆಯ ಇಸವಿಯ ಒಂದು ಸೋಮವಾರ ಮಾತ್ರ, ಅವರ ಕುರ್ಚಿಗೇ ಗುರಿಯಿಟ್ಟು ಗೋಡೆಯ ಮೇಲೊಂದು ಕ್ಯಾಮರಾ ಬಂದು ಕೂತಿತು.

"ನಿಮ್ಮ ತಲಿ ಎತ್ತ ಹೋಗ್ತದೋ ಇದು ಅತ್ತ ಹೋಗ್ತದ," ಎಂದರು ಮ್ಯಾನೇಜರ್ ನಂದಕಿಶೋರ್ ಸಾಹೇಬರು. ಕಂಪ್ಯೂಟರ್ ಪರದೆಯಲ್ಲಿ ರಾಯರ ಮುಖದ ಸುತ್ತ ಹಳದಿ ಚೌಕಟ್ಟು ಕುಣಿಯುತ್ತಿತ್ತು. "ಚರ್ಮದ ಬಣ್ಣ, ದುಂಡನ್ನ ಆಕಾರ, ಎರಡೂ ನೋಡಿ ತಲಿ ಹಿಡೀತದ. ತಲಿ ಬಗ್ಗಿತು ಅಂದ್ರ ನನ್ನ ಕೋಣ್ಯಾಗ ಗಂಟಿ. ದಿನಕ್ಕ ಮೂರು ಗಂಟಿ ಆದ್ರ ಮರುದಿನದಿಂದ ಖಣಿಗೆ ಹೋಗಬೇಕು ನೋಡ್ರಿ."

ಖಣಿ ಎಂದರೆ ರಾಯರಿಗೆ ಮನೆ ತಪ್ಪಿದಂತೆ. ಸುಣ್ಣಕಲ್ಲಿನ ಆ ಖಣಿಯಲ್ಲಿ ಪಾಳಿ ಬಿಡುವಷ್ಟರಲ್ಲಿ ನಾಲವಾರದ ಗಾಡಿ ಹೋಗಿರುತ್ತದೆ. ತಗಡಿನ ಶೆಡ್ಡಿನಲ್ಲೇ ಮಲಗಬೇಕು, ಹೆಂಡತಿ ಸೀತಾಬಾಯಿಯ ಅಡುಗೆ ವಾರಕ್ಕೊಮ್ಮೆ. ಅವರು ಭಯಭಕ್ತಿಯಿಂದ ಬಗ್ಗಿ ಕೈಮುಗಿದು, "ಆಗಲಿರಿ ಸಾಹೇಬ್ರ," ಎಂದರು. ಪಕ್ಕದ ಕೋಣೆಯಲ್ಲಿ ಟಣ್ಣೆಂದಿತು.

"ಒಂದು," ಎಂದು ಸಾಹೇಬರು ಹೊರಟುಹೋದರು.

ಪಕ್ಕದ ಕುರ್ಚಿಯ ಅಬ್ದುಲ್ ಗನಿ ಸಲಹೆ ಕೊಡುವುದರಲ್ಲಿ ಧಾರಾಳಿ. "ಕುತ್ತಿಗಿ ಸೆಟದು ಕುಂದ್ರಿ ರಾಯರ. ಮದುವಿ ಫೋಟೋದಾಗ ಕುಂತಂಗ."

ರಾಯರು ಹಾಗೇ ಕೂತರು. ಚಹಾ ತಂದುಕೊಟ್ಟವನೂ ಗನಿಯೇ. ತಲೆ ಬಗ್ಗಿಸದೆ ಕುಡಿಯಲು ಹೋಗಿ ಚಹಾ ಅಂಗಿಯ ಮೇಲೆ ಚೆಲ್ಲಿತು. ಎಲ್ಲಿ ಚೆಲ್ಲಿತೆಂದು ರಾಯರು ಕೆಳಗೆ ನೋಡಿದರು. ಎರಡನೆಯ ಗಂಟೆ ಹೊಡೆಯಿತು.

"ಇನ್ನಾ ಮುಂಜಾನಿ ಹನ್ನೊಂದು ಸೈತ ಆಗಿಲ್ಲ," ಗನಿ ಕನಿಕರದಿಂದ ಹೇಳಿದ. "ನಿಮ್ಮ ಊಟ ಬ್ಯಾರೆ ಆಗಬೇಕು."

ಅಷ್ಟರಲ್ಲಿ ಸಾಹೇಬರ ಚೀಟಿ ಬಂತು, ರಾಯರು ಸಿಮೆಂಟ್ ಚೀಲ ತುಂಬುವ ಕಡೆ ಹೋಗಿಬರಬೇಕಾಯಿತು. ಅವರ ಎದುರಿಗೇ ಒಂದು ಚೀಲ ಒಡೆಯಿತು. ಮರಳಿ ಬಂದಾಗ ನೆತ್ತಿಯಿಂದ ಗದ್ದದವರೆಗೆ ಬೂದಿಬಣ್ಣ. ಕುರ್ಚಿಯಲ್ಲಿ ಕೂತು ಪರದೆ ನೋಡುತ್ತಾರೆ, ಹಳದಿ ಚೌಕಟ್ಟು ಮುಖದ ಮೇಲಿಲ್ಲ. ಅದು ಅತ್ತಿತ್ತ ಅಲೆದಾಡಿ, ಪಕ್ಕದ ಸ್ಟೂಲಿನ ಮೇಲಿದ್ದ ಕುಡಿಯುವ ನೀರಿನ ಮಣ್ಣಿನ ಗಡಿಗೆಯನ್ನು ಅಪ್ಪಿಕೊಂಡು ನಿಂತಿತು.

"ಗನಿಸಾಬ, ಅದು ಗಡಗೀನೇ ನಾನಂತ ತಿಳಕೊಂಡದ."

"ಅದರ ತಪ್ಪೇನದರಿ, ದುಂಡನ್ನ ಗಡಗಿ, ಬಣ್ಣನೂ ನಿಮ್ಮ ಚರ್ಮದ್ದೇ ಅದ. ಮಾರಿ ತೊಳಕೋಬ್ಯಾಡ್ರಿ."

ರಾಯರು ಮುಖ ತೊಳೆಯಲಿಲ್ಲ. ಊಟ ಮುಗಿಸಿ, ಹದಿನೆಂಟು ವರ್ಷದಲ್ಲಿ ಎಂದೂ ಮಾಡದಂಥ ನಿದ್ದೆ ಮಾಡಿದರು. ಗೊರಕೆಗೆ ಗಡಿಗೆಯ ಮುಚ್ಚಳ ಅದುರಿತು, ಗಡಿಗೆ ಮಾತ್ರ ಬಗ್ಗಲಿಲ್ಲ.

ಐದಕ್ಕೆ ಗನಿ ಮೊಳಕೈಯಿಂದ ತಿವಿದು ಎಬ್ಬಿಸಿದ. ಸಾಹೇಬರು ಕಂಪ್ಯೂಟರಿನ ವರದಿ ಹಿಡಿದು ಬಂದಿದ್ದರು. ಕಣ್ಣು ಕಾಗದದ ಮೇಲೆಯೇ ಇದ್ದುದರಿಂದ ರಾಯರ ಮುಖದ ಸಿಮೆಂಟು ಅವರಿಗೆ ಕಾಣಲಿಲ್ಲ.

"ರಾಯರ, ನಿಮ್ಮ ಮ್ಯಾಲ ಸಂಶಯ ಪಟ್ಟಿದ್ದೆ, ಮಾಫ್ ಮಾಡ್ರಿ. ಮಧ್ಯಾಹ್ನದಿಂದ ಈ ತಲಿ ಒಂದು ಕೂದಲೆಳಿಯಷ್ಟು ಅಳ್ಳಾಡಿಲ್ಲ. ಇಂಥ ಮನುಷ್ಯಾನ್ನ ಇಲ್ಲಿ ಕುಂದ್ರಸೋದು ಅನ್ಯಾಯ. ಒಂದು ಇಂಕ್ರಿಮೆಂಟು ಬರಿಯಾಕತ್ತೀನಿ."

ರಾಯರಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು.

"ಖಣ್ಯಾಗ ಮದ್ದಿಟ್ಟು ಕಲ್ಲು ಹಾರಸೋ ಮುಂದ ಕೆಂಪು ಬಾವುಟ ಹಿಡಿಯೋರು ತೂಕಡಸ್ತಾರಂತ ಭಾಳ ತಕರಾರು ಅದ. ನಾಳಿಂದ ಅಲ್ಲಿ ನೀವು. ಖಾಯಂ."

ಖರೇ ಹೇಳಿದರೂ ಖಣಿ, ಹೇಳದಿದ್ದರೂ ಖಣಿ. ರಾಯರು ಕ್ಷೀಣದನಿಯಲ್ಲಿ ಕೇಳಿದರು: "ಅಲ್ಲೂ ಕ್ಯಾಮರಾ ಅದೇನ್ರಿ?"

"ಇಲ್ಲರಿ. ಅಲ್ಲಿ ಮೇಸ್ತ್ರಿ ಹಾಜಿಸಾಬ ಅದಾರ. ಹತ್ರ ಬಂದು ಮಾರಿ ನೋಡ್ತಾರ."

ರಾಯರು ನೀರು ಕುಡಿಯಲೆಂದು ಸ್ಟೂಲಿನತ್ತ ತಿರುಗಿದರು. ತಳದಲ್ಲಿ ಉಳಿದಿದ್ದ ಒಂದಿಷ್ಟು ನೀರಿಗಾಗಿ ಗಡಿಗೆಯನ್ನು ಲೋಟಕ್ಕೆ ಬಗ್ಗಿಸಿದರು. ಪಕ್ಕದ ಕೋಣೆಯಲ್ಲಿ ಟಣ್ಣೆಂದಿತು.

ಸಾಹೇಬರು ಕಾಗದದಿಂದ ತಲೆಯೆತ್ತದೆ ಪೆನ್ನು ತೆಗೆದರು. "ಮೂರು ಆತಲ್ರಿ ರಾಯರ. ಇಂಕ್ರಿಮೆಂಟು ರದ್ದು. ಖಣಿ ಹಂಗೇ ಇರಲಿ."