ನಾಕು ಡಬ್ಬಿ ಕ್ಯಾರಿಯರ್

ಹೆಂಡತಿ ಸುವರ್ಣಮ್ಮನ ಬಲಗೈಗೆ ಪ್ಲಾಸ್ಟರ್ ಬಿದ್ದ ದಿನವೇ ರೇವಣಸಿದ್ದನಿಗೆ ಕಂಪ್ಲಿಯಿಂದ ಅತ್ತೆ ತಾಯಕ್ಕನ ಫೋನ್ ಬಂತು.

"ಅಡಗಿ ಯಾರು ಮಾಡ್ತಾರ? ಮಗಳನ್ನ ಒಂದು ತಿಂಗಳು ಕರ್ಕೊಂಡು ಹೋಗ್ತೀನಿ."

"ನಾನ ಮಾಡ್ತೀನ್ರಿ, ಅತ್ತಿ," ಎಂದುಬಿಟ್ಟ. (ಹಾಲು ಕಾಯಿಸಿದರೆ ಒಲೆಗೇ ನೈವೇದ್ಯ ಮಾಡುವ ಮನುಷ್ಯ.) ಸುವರ್ಣಮ್ಮ ಇಲ್ಲದ ಮನೆಯಲ್ಲಿ ಒಂದು ದಿನವೂ ಇದ್ದು ಗೊತ್ತಿರಲಿಲ್ಲ ಅವನಿಗೆ.

"ನೋಡೇ ಬಿಡ್ತೀನಿ," ಎಂದು ತಾಯಕ್ಕ ಮರುದಿನವೇ ಹೊಸಪೇಟೆ ಬಸ್ ಹತ್ತಿದಳು.

ರೇವಣಸಿದ್ದ ಓಣಿ ತುದಿಯ ಮೈಲಾರಲಿಂಗಪ್ಪನ ಖಾನಾವಳಿಯಿಂದ ಎರಡು ಡಬ್ಬಿ ಕ್ಯಾರಿಯರ್‌ನಲ್ಲಿ ಊಟ ತಂದು, ಮನೆಯ ಪಾತ್ರೆಗಳಿಗೆ ಸುರಿದು, ಮೂಗಿಗೆ ಒಂದಿಷ್ಟು ಹಿಟ್ಟು ಹಚ್ಚಿಕೊಂಡು ಕುಳಿತ.

"ಹಿಟ್ಟು ಸಾಕು ಬಿಡ್ರಿ, ಗಿರಣಿಯಿಂದ ಬಂದಂಗ ಕಾಣ್ತೀರಿ," ಎಂದಳು ಸುವರ್ಣಮ್ಮ.

ತಾಯಕ್ಕ ಬರಿಗೈಯಲ್ಲಿ ಬಂದಳು. "ಚೀಲ ಬಸ್ಸಿನಾಗ ಮರ್ತೆ," ಎಂದಳು. ಊಟಕ್ಕೆ ಕುಳಿತು ಎಣ್ಣೆಗಾಯಿ ಬಾಯಿಗಿಟ್ಟಳು. ತಡೆದಳು. ಅಳಿಯನನ್ನು ನೋಡಿದಳು. ಅರ್ಧ ರೊಟ್ಟಿಗೇ ಕೈ ತೊಳೆದಳು. ಅವನ ಜೀವ ಹಾರಿಹೋಯಿತು.

ಎಲ್ಲರೂ ಅಡ್ಡಾದ ಮೇಲೆ ಕ್ಯಾರಿಯರ್ ಹಿಂದಿರುಗಿಸಲು ಹೋದರೆ ಮೈಲಾರಲಿಂಗಪ್ಪ ಒಂದು ಚೀಲ ಮುಂದಿಟ್ಟ.

"ನಿಮ್ಮ ಅತ್ತೀದು. ನಿಮ್ಮ ಮನಿಗೆ ಬರೋ ಮುಂದ ಯಾವಾಗ್ಲೂ ಇಲ್ಲೇ ಉಂಡು ಹೋಗ್ತಾರ. ಮಗಳ ಕೈ ಉಪ್ಪು ಅವರಿಗೆ ಆಗಲ್ಲಂತ. ಇವತ್ತು ನಾಕು ರೊಟ್ಟಿ."

ರೇವಣಸಿದ್ದನಿಗೆ ಬ್ರಹ್ಮಾಸ್ತ್ರ ಸಿಕ್ಕಂತಾಯಿತು. ಬಂದವನೇ ಪಡಸಾಲೆಯಲ್ಲಿ ಎದ್ದು ಕುಳಿತಿದ್ದ ಅತ್ತೆಯ ಮುಂದೆ ಚೀಲ ಇಟ್ಟ.

"ಅತ್ತಿ, ಬಸ್ಸು ನಿಮ್ಮ ಚೀಲ ಖಾನಾವಳಿಯಾಗ ಇಳಿಸಿ ಹೋಗೈತಿ."

ತಾಯಕ್ಕ ಅಲುಗಲಿಲ್ಲ. "ಖಾನಾವಳಿಗೆ ನೀವ್ಯಾಕ ಹೋಗಿದ್ರಿ, ಅಳಿಯಂದ್ರ?"

ಚೀಲದ ಸಂಭ್ರಮದಲ್ಲಿ ಕೊಡುವುದನ್ನೇ ಮರೆತ ಕ್ಯಾರಿಯರ್ ಇನ್ನೊಂದು ಕೈಯಲ್ಲೇ ತೂಗಾಡುತ್ತಿತ್ತು.

ಮೊದಲು ನಕ್ಕವಳು ಅತ್ತೆಯೇ. ಒಳಗೆ ಮಲಗಿದ್ದ ಮಗಳತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದಳು.

"ಖಾನಾವಳಿಯವ ಹೇಳಿರ್ತಾನ, ಆ ಉಪ್ಪಿನ ಸುದ್ದಿ ಅಕಿಗೆ ಹೇಳಬ್ಯಾಡ್ರಿ. ನಾನು ಅಕೀನ್ನ ಕರ್ಕೊಂಡು ಹೋಗಲ್ಲ."

ರೇವಣಸಿದ್ದ ಗೋಡೆಗೆ ಒರಗಿ ಕುಳಿತ. ಎರಡು ದಿನದಿಂದ ಎದೆಯ ಮೇಲಿದ್ದ ಕಲ್ಲು ಇಳಿದಿತ್ತು. ಹೆಂಡತಿ ಮನೆಯಲ್ಲೇ ಇರುತ್ತಾಳೆ, ಇನ್ನೇನು ಬೇಕು?

"ಕಂಪ್ಲಿಯಾಗಾದ್ರ ನಾನ ಒಲಿ ಹಚ್ಚಬೇಕು," ಎಂದು ತಾಯಕ್ಕ ಚೀಲದಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಗೂಟಕ್ಕೆ ಹಾಕತೊಡಗಿದಳು. "ಪ್ಲಾಸ್ಟರ್ ಬಿಚ್ಚೋತನ ಇಲ್ಲೇ ಇರ್ತೀನಿ. ನಾಳೆ ಮುಂಜಾನಿಗೆ ಮಂಡಕ್ಕಿ ವಗ್ಗರಣಿ-ಮಿರ್ಚಿ ಮಾಡ್ರಿ, ಬಸ್‌ಸ್ಟ್ಯಾಂಡ್ ಮುಂದಿನವನು ಮಾಡ್ತಾನಲ್ಲ, ಹಂಗ. ನಾಡಿದ್ದು ಪಡ್ಡು. ಮತ್ತ, ಆ ಕ್ಯಾರಿಯರ್ ಸಣ್ಣದಾತು. ನಾಕು ಡಬ್ಬೀದು ತರ್ರಿ."