ಸಡಿಲ ಬೇರಿಂಗು, ಬಿಗಿ ಮೇನೇಜರು

ನನ್ನನ್ನು ಕಂಡರೆ ಜನ ಹೆದರುತ್ತಾರೆಂದು ನಾನು ನಾಲ್ಕು ವರ್ಷ ನಂಬಿಕೊಂಡಿದ್ದೆ. ಇಂಥ ನಂಬಿಕೆ ಇರುವವನು ಕನ್ನಡಿ ನೋಡಿಕೊಳ್ಳುವುದನ್ನು ಬಿಡಬೇಕು, ಇಲ್ಲವೇ ಕನ್ನಡಿ ಸುಳ್ಳು ಹೇಳುತ್ತದೆಂದು ತಿಳಿಯಬೇಕು. ನಾನು ಎರಡನೆಯದನ್ನು ಮಾಡಿದೆ. ನನ್ನ ಎತ್ತರ ಐದಡಿ ಎರಡಂಗುಲ. ದನಿ ಸದಾ ನೆಗಡಿಯಾದಂತಿರುತ್ತದೆ. ಸಿಟ್ಟು ಬಂದರೆ ಮುಖಕ್ಕಿಂತ ಮೊದಲು ಕಿವಿ ಕೆಂಪಾಗುತ್ತದೆ. ಇಷ್ಟಿದ್ದೂ ಕಲ್ಯಾಣದುರ್ಗದ ಆ ಕಡ್ಲೆಕಾಯಿ ಮಿಲ್ಲಿನೊಳಗೆ ನಾನು ಕಾಲಿಟ್ಟರೆ ಸಾಕು, ಇಪ್ಪತ್ತು ಇಪ್ಪತ್ತೈದು ಹೆಂಗಸರು ತುಟಿ ಪಿಟಕ್ಕೆನ್ನದೆ, ತಲೆ ಬಗ್ಗಿಸಿ ಬೀಜ ಆರಿಸುತ್ತಿದ್ದರು. ಮನೆಯಲ್ಲಿ ಹೆಂಡತಿ, ಮಗಳು, ಕೊನೆಗೆ ಹಾಲು ಹಾಕುವವಳೂ ನನ್ನೆದುರು ಬಾಯಿ ಮುಚ್ಚಿದ್ದನ್ನು ಕಾಣದ ನನಗೆ ಆ ಮೌನ ಬಹಳ ರುಚಿಸಿತ್ತು. ಇದನ್ನೇ ಗತ್ತು ಎನ್ನುವುದು ಎಂದುಕೊಂಡಿದ್ದೆ.

ಮಿಲ್ಲು ನನ್ನದಲ್ಲ. ನನ್ನ ಹೆಂಡತಿ ಸರೋಜಳ ಸೋದರಮಾವನದು. ಅವರು ಹಿಂದೂಪುರದಲ್ಲಿ ದೊಡ್ಡ ಮಂಡಿ ಇಟ್ಟುಕೊಂಡಿದ್ದ ಸಾವುಕಾರರು. ಬಿ.ಎ. ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ಕೂತಲ್ಲೇ ಉಳಿದ ನನ್ನನ್ನು ನೋಡಿ, ಇವನನ್ನು ಎಲ್ಲಾದರೂ ಒಂದು ಕಡೆ ಇಡಬೇಕಲ್ಲ ಎಂದು ಕಲ್ಯಾಣದುರ್ಗದ ಮಿಲ್ಲಿಗೆ ಮೇನೇಜರನ್ನಾಗಿ ಕಳಿಸಿದ್ದರು. ಕೆಲಸವೇನೂ ಕಷ್ಟದ್ದಲ್ಲ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಸೈಕಲ್ಲಿನಲ್ಲಿ ಮಿಲ್ಲಿಗೆ ಹೋಗುವುದು, ಆರಿಸಿದ ಬೀಜದಲ್ಲಿ ಸಿಪ್ಪೆ, ಕಲ್ಲು ಉಳಿದಿವೆಯೇ ನೋಡುವುದು, ಉಳಿದಿದ್ದರೆ ಬೈಯುವುದು. ದೇವರ ದಯೆಯಿಂದ ದಿನವೂ ಒಂದಲ್ಲ ಒಂದು ಮೊರದಲ್ಲಿ ಕಲ್ಲು ಸಿಕ್ಕೇ ಸಿಗುತ್ತಿತ್ತು. ಶನಿವಾರ ಶನಿವಾರ ಮಾವನಿಗೆ ಕಾಗದ ಬರೆಯುತ್ತಿದ್ದೆ: ಈ ವಾರವೂ ಹನ್ನೊಂದು ಮೊರ ಹಿಡಿದೆ, ನಾನು ಕಣ್ಣಿಟ್ಟಿದ್ದಕ್ಕೆ ಸರಿಹೋಯಿತು, ಇಲ್ಲದಿದ್ದರೆ ಮಾಲು ಹೇಗೆ ಹೋಗುತ್ತಿತ್ತೋ ಆ ಶಿವನೇ ಬಲ್ಲ. ಮಾವನಿಗೆ ಸಮಾಧಾನ, ನನಗೆ ಕೆಲಸ. ನನ್ನ ಸಂಸಾರ ನಿಂತಿದ್ದು ಆ ಕಲ್ಲುಗಳ ಮೇಲೆ.

ಇನ್ನು ಸೈಕಲ್ಲಿನ ವಿಚಾರ. ಅದೂ ಮಾವನದೇ, ಅವರು ತುಳಿದು ಬಿಟ್ಟಿದ್ದು. ಎರಡು ಪೆಡಲಿನ ಕಾಲುಗಳು ಕೂಡುವ ಕಡೆ ಒಂದು ಗಿಡ್ಡ ಕೊಳವೆ ಇರುತ್ತದಲ್ಲ, ಅದರ ಎರಡು ಬಾಯಿಗೂ ಬಟ್ಟಲಿನಂಥ ಕಪ್ಪುಗಳನ್ನು ತಿರುಗಿಸಿ ಕೂರಿಸಿರುತ್ತಾರೆ. ಆ ಕಪ್ಪಿನೊಳಗೆ ಗುಂಡುಗಳು, ಗುಂಡುಗಳ ಮಧ್ಯೆ ಆಕ್ಸಲ್ಲು. ನಮ್ಮ ಸೈಕಲ್ಲಿನ ಬಲಗಡೆಯ ಕಪ್ಪು ಆ ಕೊಳವೆಯಲ್ಲಿ ಗಟ್ಟಿಯಾಗಿ ಕೂರದೆ, ಹಳೇ ಹಲ್ಲಿನ ಹಾಗೆ ಆಡುತ್ತಿತ್ತು. ಪೆಡಲು ಒಂದು ಸುತ್ತು ಬಂದರೆ ಒಂದು 'ಕಟಕ್'. ಏರಿನಲ್ಲಿ ಎರಡು. ಸರೋಜ ನಾನು ಎರಡು ಬೀದಿ ಆಚೆ ಇರುವಾಗಲೇ ಸದ್ದು ಕೇಳಿ ಮುದ್ದೆಗೆ ಎಸರಿಡುತ್ತಿದ್ದಳು. ಗಂಡ ಬರುವ ದಾರಿ ಕಾಯುತ್ತಾಳೆ ಎಂದು ನಾನು ಅದಕ್ಕೂ ಬೀಗುತ್ತಿದ್ದೆ.

ಬಸ್ಟಾಂಡಿನ ಪಕ್ಕದ ಸೈಕಲ್ ಷಾಪಿನ ಮಸ್ತಾನ್ ಸಾಬರು ಆ ಕಪ್ಪಿಗೆ ಮಾಡದ ಚಿಕಿತ್ಸೆಯಿಲ್ಲ. ಮೊದಲು ತಪ್ಪು ಪೆಡಲಿನ ಕಾಲನ್ನು ಆಕ್ಸಲ್ಲಿಗೆ ಬಿಗಿಯುವ ಕಾಟರ್ ಪಿನ್ನಿನದು ಎಂದರು, ಪಿನ್ನು ಬದಲಾಯಿತು. ಆಮೇಲೆ ಗುಂಡುಗಳದ್ದು ಎಂದರು, ಗುಂಡು ಬದಲಾದವು. ಕೊನೆಗೆ ಕಪ್ಪೂ ಬದಲಾಯಿತು. ಹೊಸ ಕಪ್ಪು ಹಳೆಯದಕ್ಕಿಂತ ಚೆನ್ನಾಗಿ ಆಡಿತು. ಆಗ ನೂಲಿಗೆ ಗ್ರೀಸು ಹಚ್ಚಿ ಕಪ್ಪಿಗೆ ಸುತ್ತಿದರು. ಅದು ಒಂದು ವಾರ ಬಂತು. ಪೌಡರ್ ಡಬ್ಬದ ತಗಡು ಕತ್ತರಿಸಿ ಸುತ್ತಿದರು. ಅದು ಎರಡು ವಾರ. ನಾನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಸಲಹೆ ಕೊಡುತ್ತಿದ್ದೆ. ಅವರು ಕಪ್ಪನ್ನು ಎಡಕ್ಕೆ ತಿರುಗಿಸಿ ಬಿಗಿ ಮಾಡುತ್ತಿದ್ದಾಗ, ಅದು ಬಿಚ್ಚುವ ಕಡೆ, ಬಲಕ್ಕೆ ತಿರುಗಿಸಿ ಎಂದು ತಿದ್ದಿದೆ. ಬಲಗಡೆ ಕಪ್ಪಿಗೆ ತಿರುಪಿನ ಥ್ರೆಡ್ಡು ಉಲ್ಟಾ ಇರುತ್ತದೆ ಎಂದು ಅವರು ಮೆತ್ತಗೆ ಹೇಳಿದರು. ಅದೆಲ್ಲ ನನಗೆ ಗೊತ್ತು, ನಿಮ್ಮನ್ನು ಪರೀಕ್ಷೆ ಮಾಡಿದೆ ಎಂದೆ. ಮಸ್ತಾನ್ ಸಾಬರು ನನ್ನನ್ನು ಒಂದು ಗಳಿಗೆ ನೋಡಿ, "ಹಿಂಗೇ ಇರ್ಲಿ ಬಿಡಿ ಸಾರ್. ಸೌಂಡಿದ್ರೆ ನೀವು ಬತ್ತಿರೋದು ಎಲ್ಲಾರ್ಗೂ ತಿಳೀತದೆ" ಎಂದರು. ಮರ್ಯಾದೆಯ ಮಾತು ಎಂದುಕೊಂಡೆ.

ಕಡೆಗೆ ಒಂದು ದಿನ ಕಪ್ಪು ಎಷ್ಟು ವಾಲಿತೆಂದರೆ, ಮಿಲ್ಲಿನ ಗೇಟಿನೆದುರಿಗೇ ಮೂರು ಸಲ ಚೈನು ಕಳಚಿತು. ಬೈಯಬೇಕಾದ ಕೈಗೆ ಮಸಿ ಮೆತ್ತಿಕೊಂಡಿತು. ಮಸಿ ಕೈಯ ಮೇನೇಜರು ಎಷ್ಟು ಬೈದರೂ ಕಳೆ ಕಟ್ಟುವುದಿಲ್ಲ. ಆ ಭಾನುವಾರ ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿಸಿ ಹಿಂದೂಪುರಕ್ಕೆ ಒಯ್ದೆ. ಅಲ್ಲಿ ಲೇತ್ ಇಟ್ಟಿದ್ದ ಮುದುಕರೊಬ್ಬರು ಕಪ್ಪು ಬಿಚ್ಚಿ, ಒಳಗಿದ್ದ ನೂಲು, ತಗಡು, ಅದರ ಕೆಳಗೆ ಇನ್ನೊಂದು ತಗಡು, ಎಲ್ಲವನ್ನೂ ಒಂದೊಂದಾಗಿ ಎಳೆದು ನೆಲದ ಮೇಲೆ ಸಾಲಾಗಿ ಇಟ್ಟರು. ಇದನ್ನು ರಿಪೇರಿ ಮಾಡಿದವನು ದರ್ಜಿಯೇ ಎಂದು ಕೇಳಿದರು. ಆಮೇಲೆ ಕೊಳವೆಯೊಳಗೆ ಬೆರಳಾಡಿಸಿ, "ಲೂಸಾಗಿರದು ಕಪ್ಪಲ್ಲ ಕಣಪ್ಪ, ಅದು ಕುಂತ್ಕಳೋ ಜಾಗ. ಜಾಗ ಸವೆದ್ಮೇಲೆ ಯಾರ್ನ ತಂದು ಕೂರ್ಸಿದ್ರೂ ಅಷ್ಟೇಯ" ಎಂದರು. ಕೊಳವೆಯ ಬಾಯನ್ನು ಒಳಗಿನಿಂದ ಹೆರೆದು, ತೆಳುವಾದ ಉಕ್ಕಿನ ಬಳೆಯೊಂದನ್ನು ಬಿಗಿಯಾಗಿ ಕೂರಿಸಿ ಬೆಸೆದು, ಅದರೊಳಗೆ ಹೊಸ ಥ್ರೆಡ್ಡು ತೆಗೆದರು. ಪೆಡಲು ತಿರುಗಿಸಿದರೆ ಸದ್ದೇ ಇಲ್ಲ. ಬೆಣ್ಣೆಯಲ್ಲಿ ಬೆರಳು ಆಡಿದ ಹಾಗಿತ್ತು.

ಮಾರನೆಯ ಬೆಳಿಗ್ಗೆ ನಾನು ಕುಂದುರ್ಪಿ ರಸ್ತೆಯ ತಿರುವು ದಾಟಿ ಮಿಲ್ಲಿಗೆ ಬಂದೆ. ಗೇಟಿನಲ್ಲಿ ಇಳಿದು ಸೈಕಲ್ಲು ನಿಲ್ಲಿಸಿದರೆ ಒಳಗೆ ಜಾತ್ರೆ. ನಗು, ಹಾಡು, ಕೇಕೆ. ಬಾಗಿಲ ಸಂದಿನಲ್ಲಿ ನೋಡಿದೆ. ಕೈಗಳು ಮಾತ್ರ ಎಂದಿಗಿಂತ ಎರಡು ಪಟ್ಟು ಜೋರಾಗಿ ಓಡುತ್ತಿದ್ದವು. ಬೀಜದ ರಾಶಿಯಲ್ಲಿ ದುರ್ಬೀನು ಹಿಡಿದರೂ ಕಲ್ಲು ಕಾಣುವಂತಿರಲಿಲ್ಲ. ಹೆಂಗಸರಿಗೆಲ್ಲ ಮೇಸ್ತ್ರಿಯಾಗಿದ್ದ ಗಂಗಕ್ಕ ಸೊಂಟದ ಮೇಲೆ ಕೈಯಿಟ್ಟು ಹೇಳುತ್ತಿದ್ದಳು:

"ಹೊತ್ತಾಯ್ತಾ ಬಂತು ಕಣ್ರೇ, ಸ್ವಾಮೇರ ಮೊರ ಎತ್ತಿಡ್ರಿ. ಇವತ್ತು ನಾಕು ಕಲ್ಲು ಜಾಸ್ತಿ ಹಾಕ್ರಿ. ಮೊನ್ನೆ ಕಮ್ಮಿಯಾಗಿ ಹುಡುಕ್ತಾ ಹುಡುಕ್ತಾ ಅರ್ಧ ಗಂಟೆ ಇಲ್ಲೇ ನಿಂತ್ಬುಟ್ಟಿದ್ರು, ಕೆಲ್ಸವೆಲ್ಲ ಕೆಡ್ತು."

ಇನ್ನೊಬ್ಬಳು ಇಂಕಾ ಸೌಂಡ್ ರಾಲೇದು ಕದಾ ಎಂದು ತೆಲುಗಿನಲ್ಲಿ ರಾಗ ಎಳೆದಳು. ಇನ್ನೂ ಸದ್ದೇ ಬಂದಿಲ್ಲ, ಅವಸರವೇನು ಎಂದು ಅರ್ಥ.

ನನ್ನ ಕಿವಿ ಕೆಂಪಾಯಿತು. ನಾಲ್ಕು ವರ್ಷ ನಾನು ಹಿಡಿದ ಅಷ್ಟೂ ಕಲ್ಲು ನನಗೆಂದೇ ಎಡೆ ಇಟ್ಟಿದ್ದು. ಮಾರಮ್ಮನಿಗೆ ಕೋಳಿ ಕೊಟ್ಟು ಊರಾಚೆ ಕಳಿಸುವ ಹಾಗೆ ನನಗೊಂದು ಮೊರ ಕೊಟ್ಟು ಕಳಿಸುತ್ತಿದ್ದರು. ಬೆಕ್ಕಿಗೆ ಗಂಟೆ ಕಟ್ಟುವವರಾರು ಎಂಬ ಚಿಂತೆಯೂ ಅವರಿಗಿರಲಿಲ್ಲ, ನಾನೇ ಕಟ್ಟಿಕೊಂಡು ಓಡಾಡುತ್ತಿದ್ದೆ. ನಾನು ಕೆಮ್ಮಿದೆ. ಎಲ್ಲರೂ ತಲೆ ಬಗ್ಗಿಸಿದರು. ಗಂಗಕ್ಕ ಮಾತ್ರ ಒಂದಿಷ್ಟೂ ನಾಚದೆ, ನನ್ನನ್ನು ಬಿಟ್ಟು ನನ್ನ ಹಿಂದಿದ್ದ ಸೈಕಲ್ಲನ್ನು ನೋಡಿದಳು. "ರಿಪೇರಿ ಮಾಡಿಸ್ಬುಟ್ರಾ ಸ್ವಾಮಿ?" ಎಂದಳು. ಸಾವಿನ ಮನೆಯಲ್ಲಿ ವಿಚಾರಿಸುವ ದನಿ.

ಆ ವಾರ ಪೂರ್ತಿ ನಾನು ಬೆಕ್ಕಿನಂತೆಯೇ ಬಂದೆ. ಮೊರ ಎತ್ತಿಡಲು ಅವರಿಗೆ ಪುರುಸೊತ್ತು ಸಿಗಲಿಲ್ಲ, ಬೈಯಲು ನನಗೆ ಏನೂ ಸಿಗಲಿಲ್ಲ. ಮೂಟೆಗೆ ಮೊಣಕೈವರೆಗೂ ಕೈ ಹಾಕಿ ಹುಡುಕಿದಾಗ ಗುರುವಾರ ಒಂದು ಸಿಪ್ಪೆ ಸಿಕ್ಕಿತು. ಒಂದೇ ಸಿಪ್ಪೆ ಹಿಡಿದುಕೊಂಡು ಎಷ್ಟು ಹೊತ್ತು ಕೂಗಾಡಲಾದೀತು? ಶನಿವಾರದ ಕಾಗದದಲ್ಲಿ ಬೇರೆ ದಾರಿ ಕಾಣದೆ, ಈ ವಾರ ಎಲ್ಲ ಸರಿಯಿದೆ ಎಂದು ಬರೆದೆ. ನನ್ನ ಜೀವಮಾನದಲ್ಲಿ ಬರೆದ ಮೊದಲ ನಿಜವಾದ ವರದಿ ಅದು. ಮಾವನ ಉತ್ತರ ಮೂರನೆಯ ದಿನಕ್ಕೇ ಬಂತು: ಬಹಳ ಸಂತೋಷ. ಎಲ್ಲ ಸರಿಯಿದ್ದರೆ ನೀನು ಅಲ್ಲಿ ಯಾಕೆ? ಮುಂದಿನ ವಾರವೂ ಹೀಗೇ ಇದ್ದರೆ ಹಿಂದೂಪುರಕ್ಕೆ ಬಂದು ಮಂಡಿಯಲ್ಲಿ ಚೀಲ ಹೊಲಿಸುವ ಕಡೆ ನಿಂತುಕೋ.

ಸರೋಜ ಕಾಗದ ಓದಿ, ಮಡಿಸಿ, ನನ್ನ ಜೇಬಿಗಿಟ್ಟಳು. ಸೈಕಲ್ಲಿಗೆ ಬೆಲ್ಲು ಅಂತ ಒಂದು ಇರುತ್ತದಲ್ಲ, ಅದನ್ನು ಯಾಕೆ ಇಟ್ಟಿರುತ್ತಾರೆ ಎಂದಷ್ಟೇ ಕೇಳಿದಳು.

ಮಾರನೆಯ ದಿನದಿಂದ ನಾನು ಕುಂದುರ್ಪಿ ರಸ್ತೆಯ ತಿರುವಿಗೆ ಬಂದ ಕೂಡಲೇ ಬೆಲ್ಲು ಹೊಡೆಯತೊಡಗಿದೆ. ಎದುರಿಗೆ ಕುರಿಯೂ ಇರುತ್ತಿರಲಿಲ್ಲ, ಆದರೂ ಹೊಡೆಯುತ್ತಿದ್ದೆ. ಆಮೇಲೆ ಅಲ್ಲೇ ಹುಣಸೆಮರದ ಕೆಳಗೆ ಇಳಿದು, ಟೈರು ಒತ್ತಿ ನೋಡುವವನ ಹಾಗೆ ಐದು ನಿಮಿಷ ತಡೆದು ಒಳಗೆ ಹೋಗುತ್ತಿದ್ದೆ. ಮೊರ ಸಿದ್ಧವಾಗಿರುತ್ತಿತ್ತು, ಕಲ್ಲೂ ಇರುತ್ತಿತ್ತು. ಚೆನ್ನಾಗಿ ಬೈಯುತ್ತಿದ್ದೆ. ಅವರೂ ಚೆನ್ನಾಗಿ ಬೈಸಿಕೊಳ್ಳುತ್ತಿದ್ದರು. ಈ ಬಗ್ಗೆ ನಾನಾಗಲಿ ಗಂಗಕ್ಕನಾಗಲಿ ಒಂದು ಮಾತೂ ಆಡಿಕೊಳ್ಳಲಿಲ್ಲ. ಆಡಿದ್ದು ಒಂದೇ ಸಲ. ಅವತ್ತು ಬೆಲ್ಲು ಹೊಡೆದು, ಕಾದು, ಕಿವಿ ಕೆಂಪು ಮಾಡಿಕೊಂಡು ಒಳಗೆ ನುಗ್ಗಿದರೆ ಮೊರವೇ ಇಲ್ಲ. ಎಲ್ಲ ಹಸನು. ನಾನು ಆ ರಾಶಿ, ಈ ರಾಶಿ ನೋಡುತ್ತ ನಿಂತೆ. ಗಂಗಕ್ಕ ನಾಲಿಗೆ ಕಚ್ಚಿಕೊಂಡು ಎದ್ದು ಬಂದಳು.

"ಮಾತಿನಾಗೆ ಮರ್ತೇಬುಟ್ವಿ ಸ್ವಾಮಿ. ಒಸಿ ಹೊತ್ತು ಆಚೆ ನಿಂತ್ಕಂಡಿರಿ, ಹಾಕ್ಬುಡ್ತೀವಿ."

ಅವತ್ತು ಶನಿವಾರ, ಕಾಗದ ಬರೆಯುವ ದಿನ. ನಾನು ಆಚೆ ಹೋಗಿ ನಿಂತುಕೊಂಡೆ.